ಬಿಸಿ ನಟ್ಟು, ತೊಟ್ಟಿಕ್ಕುವ ಪೆಟ್ರೋಲು

ಹಳೆಯ ಮೋಟಾರ್‌ಸೈಕಲ್ಲಿನ ಎರಡು ಕಾಯಿಲೆಗಳು ಸಾಮಾನ್ಯವಾಗಿ ಜೊತೆಯಾಗಿಯೇ ಗ್ಯಾರೇಜಿಗೆ ಬರುತ್ತವೆ. ಒಂದು, ಎಂಜಿನ್ನಿಗೆ ಸೈಲೆನ್ಸರ್ ಪೈಪು ಸೇರುವ ಜಾಗದಲ್ಲಿ ಪಟಪಟ ಸದ್ದು ಮತ್ತು ಅಲ್ಲಿಂದ ಇಳಿಯುವ ಕಪ್ಪು ಜಿಡ್ಡು. ಇನ್ನೊಂದು, ಬೆಳಗ್ಗೆ ಶೆಡ್ಡಿನ ಬಾಗಿಲು ತೆಗೆದ ಕೂಡಲೇ ಮೂಗಿಗೆ ಹೊಡೆಯುವ ಪೆಟ್ರೋಲ್ ವಾಸನೆ. ಸದ್ದಾದರೆ ಬೀದಿಯವರೆಲ್ಲ ತಿರುಗಿ ನೋಡುತ್ತಾರೆ; ಹಾಗಾಗಿ ಸ್ಪ್ಯಾನರ್ ಮೊದಲು ಅಲ್ಲಿಗೇ ಹೋಗುತ್ತದೆ. ವಾಸನೆಯನ್ನು ಮಾತ್ರ ‘ಹಳೇ ಗಾಡಿ ಅಂದ್ಮೇಲೆ ಸ್ವಲ್ಪ ಲೀಕ್ ಇದ್ದೇ ಇರುತ್ತೆ’ ಎಂದು ನಾಳೆಗೆ ತಳ್ಳುವುದು ವಾಡಿಕೆ. ಈ ಸರದಿ ತಿರುವುಮುರುವಾಗಬೇಕು.

ಯಾಕೆಂದು ಲೆಕ್ಕ ಹಾಕಿ ನೋಡಬಹುದು. ಸೆಕೆಂಡಿಗೆ ಒಂದು ಹನಿ ಬೀಳುತ್ತಿದೆ, ಹನಿಯ ಗಾತ್ರ 0.02 ಮಿಲಿಲೀಟರ್ ಎಂದಿಟ್ಟುಕೊಳ್ಳೋಣ. ಗಂಟೆಗೆ 72 ಮಿಲಿ ಆಯಿತು. ರಾತ್ರಿ 10ಕ್ಕೆ ನಿಲ್ಲಿಸಿದ ಗಾಡಿಯ ಹತ್ತಿರ ಬೆಳಗ್ಗೆ 8ಕ್ಕೆ ಬರುವಷ್ಟರಲ್ಲಿ 720 ಮಿಲಿ ಸೋರಿರುತ್ತದೆ. ಅಷ್ಟೂ ಆವಿಯಾದರೆ ಸುಮಾರು 125 ಲೀಟರ್ ಆವಿ. ಗಾಳಿಯಲ್ಲಿ ಪೆಟ್ರೋಲ್ ಆವಿಯ ಪಾಲು ಶೇಕಡ 1.4 ಮುಟ್ಟಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಅಂದರೆ ಆ ಒಂದು ರಾತ್ರಿಯ ಸೋರಿಕೆ ಸುಮಾರು 9,000 ಲೀಟರ್ ಗಾಳಿಯನ್ನು ಸಿಡಿಮದ್ದಾಗಿಸಬಲ್ಲದು. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ, ಎರಡೂಕಾಲು ಮೀಟರ್ ಎತ್ತರದ ಶೆಡ್ಡಿನಲ್ಲಿ ಹಿಡಿಸುವ ಗಾಳಿ ಅಷ್ಟೇ. ಇಷ್ಟು ಸಾಲದೆಂಬಂತೆ ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೇರಿ ಕಿಟಕಿಯಿಂದ ಹೋಗದೆ ನೆಲಕ್ಕೆ ಅಂಟಿಕೊಂಡು ಬಾಗಿಲ ಸಂದಿಯಲ್ಲಿ ನುಸುಳಿ ದೇವರ ದೀಪದ ತನಕ ಹರಿಯಬಲ್ಲದು.

ಇನ್ನೊಂದು ಕಾರಣ ಕೆಲಸದ್ದೇ. ಹಿಡಿದುಕೊಂಡ ಸೈಲೆನ್ಸರ್ ನಟ್ಟನ್ನು ಬಿಡಿಸಲು ಕೊನೆಗೆ ಬೆಂಕಿ ಬೇಕಾಗುತ್ತದೆ. ಆ ನಟ್ಟಿನಿಂದ ಒಂದು ಮೊಳ ದೂರದಲ್ಲಿ ಕಾರ್ಬುರೇಟರ್, ಅದರ ಮೇಲೆ ಟ್ಯಾಂಕು. ಸೋರುವ ಗಾಡಿಯ ಮುಂದೆ ಟಾರ್ಚ್ ಹಚ್ಚುವಂತೆಯೇ ಇಲ್ಲ.

ಈ ಅಧ್ಯಾಯಕ್ಕೆ ಉದಾಹರಣೆಯಾಗಿ ಮೈಸೂರಿನ ಬೈಕನ್ನೇ ಇಟ್ಟುಕೊಳ್ಳುವುದು ಸರಿ. ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಚೆಕೊಸ್ಲೊವಾಕಿಯಾದ ವಿನ್ಯಾಸದ ಜಾವಾ 250 ತಯಾರಾಗುತ್ತಿತ್ತು. ಕಾರ್ಖಾನೆಯನ್ನು ಉದ್ಘಾಟಿಸಿದವರು ಜಯಚಾಮರಾಜ ಒಡೆಯರು. ಮುಂದೆ ಅದೇ ಬೈಕು ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಲ್ಲಿಂದ ಹೊರಬಿದ್ದ ಗಾಡಿಗಳಲ್ಲಿ ಅತಿ ಕಿರಿಯದಕ್ಕೂ ಈಗ ಮೂವತ್ತರ ಆಸುಪಾಸು ವಯಸ್ಸು. ಆದರೂ ಬೆಂಗಳೂರು, ಮೈಸೂರು, ಮಲೆನಾಡಿನ ರಸ್ತೆಗಳಲ್ಲಿ ಅವು ಓಡುತ್ತಿವೆ. ಜುಲೈ ತಿಂಗಳ ಎರಡನೇ ಭಾನುವಾರ ಅವುಗಳ ಮಾಲೀಕರು ಒಟ್ಟಾಗಿ ಮೆರವಣಿಗೆ ಹೊರಡುತ್ತಾರೆ. ಎರಡು ಸ್ಟ್ರೋಕಿನ ಒಂದೇ ಸಿಲಿಂಡರ್, ಅದಕ್ಕೆ ಎರಡು ಎಕ್ಸಾಸ್ಟ್ ಬಾಯಿ, ಎರಡು ಬೆಂಡ್ ಪೈಪು, ಎರಡು ಸೈಲೆನ್ಸರ್. ಹೀಗಾಗಿ ಸಡಿಲವಾಗುವ ಜಾಗಗಳೂ ಎರಡು.

ಮೊದಲು ಪೆಟ್ರೋಲು.

ಸೋರಿಕೆ ಹುಡುಕುವವರು ಸಾಮಾನ್ಯವಾಗಿ ಹನಿ ಬೀಳುವ ಜಾಗವನ್ನೇ ನೋಡುತ್ತಾರೆ. ಅದು ಸೋರಿಕೆಯ ಜಾಗವಲ್ಲ, ಸೋರಿಕೆ ಮುಗಿಯುವ ಜಾಗ. ನೀರಿನ ಮೇಲ್ಮೈ ಎಳೆತಕ್ಕೆ ಹೋಲಿಸಿದರೆ ಪೆಟ್ರೋಲಿನದು ಮೂರನೇ ಒಂದು ಭಾಗದಷ್ಟು ಮಾತ್ರ. ಆದ್ದರಿಂದ ಅದು ಲೋಹದ ಮೇಲೆ ಗುಂಡಗೆ ನಿಲ್ಲುವುದಿಲ್ಲ, ತೆಳ್ಳಗೆ ಹರಡಿಕೊಂಡು ಪೈಪಿನ ಕೆಳಮೈ ಹಿಡಿದು, ವೈರಿನ ಬೆನ್ನು ಹತ್ತಿ, ಎಲ್ಲೋ ಒಂದು ಬೋಲ್ಟಿನ ತುದಿಯಲ್ಲಿ ಹನಿಯಾಗುತ್ತದೆ. ಟ್ಯಾಂಕಿನ ನಲ್ಲಿಯಲ್ಲಿ ಹುಟ್ಟಿದ ಸೋರಿಕೆ ಕಾರ್ಬುರೇಟರಿನ ತಳದಲ್ಲಿ ತೊಟ್ಟಿಕ್ಕುವುದು, ಪಾಪ, ಕಾರ್ಬುರೇಟರನ್ನು ನಾಲ್ಕು ಸಲ ಬಿಚ್ಚಿ ತೊಳೆದು ಹಾಕುವುದು, ಇದು ಎಲ್ಲ ಊರಿನ ಕಥೆ. ಮಾಡಬೇಕಾದದ್ದು ಇಷ್ಟೆ: ಎಲ್ಲ ಭಾಗವನ್ನೂ ಒಣಗಿದ ಬಟ್ಟೆಯಿಂದ ಒರೆಸಿ, ಟಾಲ್ಕಂ ಪೌಡರನ್ನೋ ಸೀಮೆಸುಣ್ಣದ ಪುಡಿಯನ್ನೋ ಉದುರಿಸಿ, ನಲ್ಲಿ ತೆರೆದು ಕಾಯುವುದು. ಪುಡಿ ಮೊದಲು ಒದ್ದೆಯಾಗುವ, ಅತಿ ಎತ್ತರದ ಜಾಗವೇ ಮೂಲ.

ಜಾವಾ, ಯೆಜ್ಡಿಯಂಥ ಎರಡು ಸ್ಟ್ರೋಕಿನ ಗಾಡಿಗಳನ್ನು ಪರೀಕ್ಷಿಸುವವರಿಗೆ ಇನ್ನೊಂದು ಅನುಕೂಲವಿದೆ. ಇವುಗಳಲ್ಲಿ ಪೆಟ್ರೋಲಿನ ಜೊತೆಗೇ ಆಯಿಲ್ ಬೆರೆತಿರುತ್ತದೆ. ಪೆಟ್ರೋಲು ಆರಿಹೋಗುತ್ತದೆ, ಆಯಿಲ್ ಉಳಿಯುತ್ತದೆ. ತಿಂಗಳುಗಟ್ಟಲೆ ಸೋರಿದ ಜಾಗದಲ್ಲಿ ಧೂಳು ಹಿಡಿದ ಜಿಡ್ಡಿನ ಗೆರೆ ಮೂಡಿರುತ್ತದೆ. ಆ ಗೆರೆಯನ್ನು ಮೇಲಕ್ಕೆ ಹಿಂಬಾಲಿಸಿದರೆ ಸಾಕು. ತೊಳೆಯುವ ಮುನ್ನ ನೋಡಬೇಕಾದ ಸಾಕ್ಷ್ಯ ಇದು. ಗಾಡಿಯನ್ನು ವಾಟರ್ ಸರ್ವೀಸಿಗೆ ಹಾಕಿ ಮಿರಮಿರ ಮಿಂಚಿಸಿ ಮೆಕ್ಯಾನಿಕ್ ಮುಂದೆ ನಿಲ್ಲಿಸುವುದು ಅಂದರೆ ಆ ಸಾಕ್ಷ್ಯವನ್ನು ತೊಳೆದುಹಾಕಿದಂತೆ.

ಕಾರ್ಬುರೇಟರ್ ಉಕ್ಕಿ ಹರಿಯುವುದು ಅತಿ ಸಾಮಾನ್ಯ ದೂರು. ‘ಓವರ್‌ಫ್ಲೋ’ ಎಂದು ಎಲ್ಲರೂ ಕರೆಯುವ ಈ ತೊಂದರೆಯ ಹಿಂದೆ ಇರುವುದು ಆರ್ಕಿಮಿಡೀಸನ ತತ್ವ. ತೊಟ್ಟಿಯಲ್ಲಿ ಪೆಟ್ರೋಲು ಏರಿದಂತೆ ಫ್ಲೋಟು ಏರುತ್ತದೆ, ಏರಿದ ಫ್ಲೋಟು ಸೂಜಿಯನ್ನು ತಳ್ಳಿ ದಾರಿ ಮುಚ್ಚುತ್ತದೆ. ಟ್ಯಾಂಕು ಕಾರ್ಬುರೇಟರಿಗಿಂತ 40 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಸೂಜಿ ತಡೆಯಬೇಕಾದ ಒತ್ತಡ ವಾತಾವರಣದ ಒತ್ತಡದ ಶೇಕಡ 3ರಷ್ಟು ಮಾತ್ರ. ಬಹಳ ಕಡಿಮೆ. ಆದರೆ ನಲ್ಲಿ ತೆರೆದೇ ಬಿಟ್ಟರೆ ಆ ಒತ್ತಡಕ್ಕೆ ರಾತ್ರಿಯಿಡೀ ಬಿಡುವಿಲ್ಲ. ಸೂಜಿಯ ತುದಿಯಲ್ಲಿ ಸವೆದ ಒಂದು ಉಂಗುರದ ಗುರುತು, ಟ್ಯಾಂಕಿನಿಂದ ಬಂದ ತುಕ್ಕಿನ ಒಂದು ಕಣ, ಬಾಗಿದ ಒಂದು ಕೊಂಡಿ, ಯಾವುದಿದ್ದರೂ ದಾರಿ ಪೂರ್ತಿ ಮುಚ್ಚುವುದಿಲ್ಲ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಉಕ್ಕಿದ ಪೆಟ್ರೋಲು ಹೊರಗೆ ಸೋರುವ ಬದಲು ಕ್ರ್ಯಾಂಕ್‌ಕೇಸಿಗೂ ಇಳಿಯಬಹುದು. ಆಗ ನೆಲದ ಮೇಲೆ ಹನಿಯೇ ಇರುವುದಿಲ್ಲ, ಬೆಳಗ್ಗೆ ಕಿಕ್ ಹೊಡೆದರೆ ಪ್ಲಗ್ ಒದ್ದೆ, ಎಂಜಿನ್ ಮೌನ.

ಹಿತ್ತಾಳೆಯ ಫ್ಲೋಟು ತೂತಾಗಿದೆಯೇ ಎಂಬುದನ್ನು ಕಂಡುಹಿಡಿಯುವ ಹಳೆಯ ಉಪಾಯವೊಂದು ಬಹಳ ಸೊಗಸಾಗಿದೆ. ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಪೆಟ್ರೋಲು ಕುಲುಕುವುದು ಕೇಳಬಹುದು. ಕೇಳದಿದ್ದರೆ ಒಲೆಯಿಂದ ಇಳಿಸಿ ದೂರ ತಂದ ಬಿಸಿನೀರಿನಲ್ಲಿ ಮುಳುಗಿಸಬೇಕು. ಒಳಗಿನ ಗಾಳಿ ಹಿಗ್ಗಿ, ಕಣ್ಣಿಗೆ ಕಾಣದ ತೂತಿನಿಂದ ಗುಳ್ಳೆ ಗುಳ್ಳೆಯಾಗಿ ಹೊರಬರುತ್ತದೆ. ಬೆಸುಗೆ ಹಾಕುವ ಮುನ್ನ ಒಳಗಿನ ಪೆಟ್ರೋಲು ಒಂದಿಷ್ಟೂ ಉಳಿಯದಂತೆ ಆರಿಸಬೇಕು, ಹಾಕಿದ ಬೆಸುಗೆ ತೀರಾ ಕಡಿಮೆಯಿರಬೇಕು. ಫ್ಲೋಟಿನ ತೂಕ ಹೆಚ್ಚಿದರೆ ಅದು ತಡವಾಗಿ ಏರುತ್ತದೆ, ತೊಟ್ಟಿಯ ಮಟ್ಟ ಹೆಚ್ಚುತ್ತದೆ, ಮತ್ತೆ ಉಕ್ಕುತ್ತದೆ.

ಹಳೆಯ ಜಾವಾಗಳಲ್ಲಿ ಜಿಕಾವ್ ಕಾರ್ಬುರೇಟರ್ ಇತ್ತು. ಇಂದು ಓಡುವ ಎಷ್ಟೋ ಗಾಡಿಗಳಿಗೆ ಮಿಕುನಿ ಮಾದರಿಯದನ್ನು ಆಮೇಲೆ ಕೂರಿಸಲಾಗಿದೆ. ಯಾವುದೇ ಆಗಲಿ, ತೊಟ್ಟಿಯ ಮಟ್ಟವನ್ನು ಊಹಿಸುವ ಅಗತ್ಯವಿಲ್ಲ. ತಳದ ಡ್ರೈನ್ ಇರುವ ಕಾರ್ಬುರೇಟರಿಗೆ ಪಾರದರ್ಶಕ ಟ್ಯೂಬ್ ಜೋಡಿಸಿ ಅದನ್ನು ಮೇಲಕ್ಕೆ ಹಿಡಿದರೆ, ಒಳಗೆ ಪೆಟ್ರೋಲು ಎಲ್ಲಿಯವರೆಗೆ ಇದೆಯೋ ಟ್ಯೂಬಿನಲ್ಲೂ ಅಲ್ಲಿಯವರೆಗೇ ಏರುತ್ತದೆ.

ಆ ಪಾರದರ್ಶಕ ಟ್ಯೂಬನ್ನು ಪರೀಕ್ಷೆಗಷ್ಟೇ ಇಟ್ಟುಕೊಳ್ಳುವುದು ಒಳ್ಳೆಯದು. ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಪಿವಿಸಿ ಟ್ಯೂಬು ಮೆತ್ತಗಿರುವುದು ಅದರಲ್ಲಿ ಬೆರೆಸಿದ ರಾಸಾಯನಿಕದಿಂದ. ಪೆಟ್ರೋಲು ಅದನ್ನು ದಿನದಿನಕ್ಕೂ ಹೀರಿ ತೆಗೆಯುತ್ತದೆ. ಆಮೇಲೆ ಟ್ಯೂಬು ಹಳದಿಯಾಗಿ, ಗಡುಸಾಗಿ, ನಲ್ಲಿಯ ಮೂತಿಯಲ್ಲಿ ಸೀಳುತ್ತದೆ. ಹಳೆಯ ನಲ್ಲಿಗಳೊಳಗಿನ ಬಿರಡೆಯ ವಾಷರಿನ ತೊಂದರೆ ಇದಕ್ಕೆ ತದ್ವಿರುದ್ಧ: ಅದು ಒದ್ದೆಯಾಗಿದ್ದಷ್ಟು ದಿನ ಉಬ್ಬಿ ಚೆನ್ನಾಗಿ ಮುಚ್ಚುತ್ತದೆ, ವರ್ಷಗಟ್ಟಲೆ ಟ್ಯಾಂಕು ಖಾಲಿಯಿದ್ದರೆ ಒಣಗಿ ಕುಗ್ಗುತ್ತದೆ. ಅಜ್ಜನ ಗಾಡಿಯನ್ನು ಹತ್ತು ವರ್ಷದ ಮೇಲೆ ಹೊರತೆಗೆದು ಪೆಟ್ರೋಲು ತುಂಬಿಸಿದ ದಿನವೇ ನಲ್ಲಿ ಸೋರುವುದು ಇದಕ್ಕಾಗಿ.

ಈಗಿನ ಪೆಟ್ರೋಲು ಈ ಭಾಗಗಳನ್ನು ಇನ್ನೊಂದು ಬಗೆಯಲ್ಲಿ ಪರೀಕ್ಷಿಸುತ್ತಿದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಶೇಕಡ 20 ಎಥನಾಲ್ ಬೆರೆತ ‘ಇ20’ ಪೆಟ್ರೋಲಿನ ಮಾರಾಟಕ್ಕೆ ಪ್ರಧಾನಿ ಚಾಲನೆ ಕೊಟ್ಟರು. 1970, 80ರ ದಶಕದ ಗಾಡಿಗಳ ರಬ್ಬರು, ಅಂಟು, ಸತುವಿನ ಮಿಶ್ರಲೋಹದ ಕಾರ್ಬುರೇಟರುಗಳು ಇದನ್ನು ಎಣಿಸಿ ಮಾಡಿದವಲ್ಲ. ಎಥನಾಲಿಗೆ ಹಳೆಯ ರಬ್ಬರ್ ವಾಷರುಗಳು ಉಬ್ಬುತ್ತವೆ, ಒಣಗಿದರೆ ಬಿರಿಯುತ್ತವೆ. ಇದಕ್ಕೆ ಪರಿಹಾರ ಕಷ್ಟವಲ್ಲ: ವಾಷರು, ಓ-ರಿಂಗು, ಸೂಜಿಯ ತುದಿ ಎಲ್ಲವನ್ನೂ ವಿಟಾನ್ ಎಂದು ಕರೆಯುವ ಫ್ಲೋರಿನ್ ರಬ್ಬರಿಗೆ ಬದಲಾಯಿಸುವುದು. ಬೆಲೆ ಹೆಚ್ಚು, ಆಯುಸ್ಸೂ ಹೆಚ್ಚು.

ಎರಡು ಸ್ಟ್ರೋಕಿನ ಗಾಡಿಯ ಮಾಲೀಕರು ಎಥನಾಲಿನ ಬಗ್ಗೆ ತಿಳಿದಿರಲೇಬೇಕಾದ ಸಂಗತಿ ಬೇರೆಯೇ ಇದೆ. ಎಥನಾಲು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಶೇಕಡ 10 ಎಥನಾಲಿರುವ ಒಂದು ಲೀಟರ್ ಪೆಟ್ರೋಲು ಸುಮಾರು 5 ಮಿಲಿ ನೀರನ್ನು ತನ್ನಲ್ಲಿ ಕರಗಿಸಿಕೊಳ್ಳಬಲ್ಲದು. ಶೇಕಡ 20 ಇದ್ದರೆ ಇನ್ನಷ್ಟು. ಮಿತಿ ಮೀರಿದರೆ ಒಮ್ಮೆಗೇ ಎರಡು ಪದರವಾಗಿ ಒಡೆಯುತ್ತದೆ. ನೀರು ಮತ್ತು ಎಥನಾಲು ಭಾರವಾಗಿ ತಳಕ್ಕೆ, ಪೆಟ್ರೋಲು ಮೇಲಕ್ಕೆ. ಬೆರೆಸಿದ ಆಯಿಲ್ ಮೇಲಿನ ಪದರದಲ್ಲೇ ಉಳಿಯುತ್ತದೆ. ನಲ್ಲಿ ಇರುವುದು ತಳದಲ್ಲಿ. ಅಂದರೆ ಎಂಜಿನ್ನಿಗೆ ಹೋಗುವುದು ಆಯಿಲ್ ಇಲ್ಲದ ದ್ರವ. ಅದರಲ್ಲಿ ಎಂಜಿನ್ ಹೇಗೋ ಎದ್ದು ಓಡಿತೆಂದರೆ ಪಿಸ್ಟನ್ನು ಸೀಜ್ ಆಗುವ ಭಯ. ಮಳೆಗಾಲವಿಡೀ ನಿಂತ ಯೆಜ್ಡಿಯ ಟ್ಯಾಂಕಿನಿಂದ ಒಂದಿಷ್ಟನ್ನು ಗಾಜಿನ ಬಾಟಲಿಗೆ ಇಳಿಸಿ ಪದರ ನೋಡದೆ ಕಿಕ್ ಹೊಡೆಯಬಾರದು.

ಟ್ಯಾಂಕಿನ ಸೂಜಿತೂತುಗಳು ಸಾಮಾನ್ಯವಾಗಿ ಒಳಗಿನಿಂದ ಆಗುತ್ತವೆ. ತಳದಲ್ಲಿ ಕೂತ ನೀರು ತಗಡನ್ನು ತಿನ್ನುತ್ತದೆ, ಆದ್ದರಿಂದ ಅತಿ ತಗ್ಗಿನ ಹೊಲಿಗೆಯೇ ಮೊದಲು ತೂತಾಗುತ್ತದೆ. ನೀರು ತುಂಬಿಸಿ ಪರೀಕ್ಷಿಸಿದರೆ ತೂತು ಸಿಗದೇ ಇರಬಹುದು, ನೀರಿನ ಮೇಲ್ಮೈ ಎಳೆತ ಅದನ್ನು ಸಂದಿಯಲ್ಲೇ ತಡೆದುಬಿಡುತ್ತದೆ. ಬೆಸುಗೆಯವರು ದೊಡ್ಡ ತೊಟ್ಟಿಗಳಿಗೆ ಬಳಸುವ ಪರೀಕ್ಷೆ ಇಲ್ಲೂ ನಡೆಯುತ್ತದೆ. ಹೊರಗಡೆ ಹೊಲಿಗೆಗೆ ಸುಣ್ಣ ಬಳಿದು ಒಣಗಿಸಿ, ಒಳಗೆ ಸೀಮೆಎಣ್ಣೆ ಹಾಕಿ ಬಿಟ್ಟರೆ ತೂತಿದ್ದಲ್ಲಿ ಸುಣ್ಣದ ಮೇಲೆ ಕಪ್ಪು ಚುಕ್ಕೆ ಮೂಡುತ್ತದೆ.

ಆಮೇಲೆ ಬೆಸುಗೆ. ‘ಪೆಟ್ರೋಲ್ ಎಲ್ಲ ಖಾಲಿ ಮಾಡಿದ್ದೀನಿ’ ಎಂಬ ಮಾತು ಕೇಳಿ ವೆಲ್ಡಿಂಗ್ ಅಂಗಡಿಯವರು ಟಾರ್ಚ್ ಎತ್ತಿಕೊಂಡರೆ ಅನಾಹುತ ಆಗುವುದು ಆಗಲೇ. ತುಂಬಿದ ಟ್ಯಾಂಕಿನೊಳಗೆ ಗಾಳಿಗೆ ಜಾಗವಿಲ್ಲ. ಖಾಲಿ ಟ್ಯಾಂಕಿನಲ್ಲಿ ಸಿಡಿಯಲು ಬೇಕಾದ ಆವಿ ಮತ್ತು ಗಾಳಿ ಎರಡೂ ಇರುತ್ತವೆ. ಶೇಕಡ 1.4ರಿಂದ ಶೇಕಡ 7.6ರ ನಡುವೆ ಆವಿ ಎಷ್ಟೇ ಇದ್ದರೂ ಅದು ಸ್ಫೋಟಕ. ಸೋಪಿನ ನೀರಿನಲ್ಲಿ ಹಲವು ಸಲ ತೊಳೆದು, ಬೆಸುಗೆ ಹಾಕುವ ಜಾಗ ಬಿಟ್ಟು ಉಳಿದೆಲ್ಲವನ್ನೂ ನೀರಿನಿಂದ ತುಂಬಿಸಿದ ಮೇಲಷ್ಟೇ, ಈ ಕೆಲಸ ಮಾಡಿ ಪಳಗಿದವರ ಕೈಯಲ್ಲಿ ಮಾತ್ರ ಇದನ್ನು ಮಾಡಿಸಬೇಕು.

ಪೆಟ್ರೋಲು ನಿಂತಿತು. ಟ್ಯಾಂಕು ಕೆಳಗಿಳಿಸಿ ದೂರ ಇಟ್ಟಾಯಿತು. ಈಗ ಸೈಲೆನ್ಸರ್ ನಟ್ಟು.

ಅದು ಸಡಿಲವಾಗುವುದೇಕೆ ಎಂಬ ಪ್ರಶ್ನೆಗೆ ‘ವೈಬ್ರೇಶನ್ನು’ ಎಂಬುದು ಅರ್ಧ ಉತ್ತರ. ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಕಟಿಸಿದ ಪ್ರಯೋಗಗಳು ಉಳಿದರ್ಧವನ್ನು ತೋರಿಸಿದವು. ಬೋಲ್ಟಿನ ಉದ್ದಕ್ಕೆ ಎಳೆದು ಬಿಟ್ಟರೆ ನಟ್ಟು ಅಷ್ಟಾಗಿ ಸಡಿಲುವುದಿಲ್ಲ; ಜೋಡಿಸಿದ ಭಾಗಗಳು ಅಡ್ಡಡ್ಡ ಜಾರಿದರೆ ಥ್ರೆಡ್ಡಿನ ಘರ್ಷಣೆ ಕ್ಷಣಕ್ಷಣಕ್ಕೂ ಕೈಕೊಟ್ಟು ನಟ್ಟು ತಾನಾಗಿಯೇ ಹಿಂದಕ್ಕೆ ಸುತ್ತುತ್ತದೆ. ಇದೇ ಪರೀಕ್ಷೆಯಲ್ಲಿ ಸ್ಪ್ರಿಂಗ್ ವಾಷರಿನ ಭರವಸೆಯೂ ಹುಸಿಯಾಯಿತು. ಈ ಮಾತನ್ನು ಬೈಕಿಗೆ ಅನ್ವಯಿಸಿದರೆ ಕಣ್ಣು ಮುಂದಿನ ನಟ್ಟಿನಿಂದ ಹಿಂದಿನ ಬ್ರಾಕೆಟ್ಟಿಗೆ ಹೋಗುತ್ತದೆ. ಸೈಲೆನ್ಸರಿನ ಹಿಂಬದಿಯ ಬೋಲ್ಟು ಬಿದ್ದುಹೋಗಿದ್ದರೆ, ಅಲ್ಲಿಯ ರಬ್ಬರು ಪುಡಿಯಾಗಿದ್ದರೆ, ಉದ್ದನೆಯ ಸೈಲೆನ್ಸರು ಅಲ್ಲಾಡಿದ್ದಷ್ಟೂ ಮುಂದಿನ ಕೂಡುಭಾಗ ಅಡ್ಡಡ್ಡ ಜಾರುತ್ತದೆ. ಮುಂದಿನ ನಟ್ಟನ್ನು ವಾರಕ್ಕೊಮ್ಮೆ ಬಿಗಿ ಮಾಡುವವರು ಒಮ್ಮೆ ಬೈಕಿನ ಹಿಂದೆ ಕೂತು ನೋಡಬೇಕು. ಮುಂದೆ ಕಾಣುವ ಕಾಯಿಲೆಯ ಬೇರು ಹಿಂದಿರುವುದು ತುಂಬಾ ಸಲ.

ಸೋರುವ ಎಕ್ಸಾಸ್ಟು ಸದ್ದು ಮಾತ್ರ ಮಾಡುವುದಿಲ್ಲ. ಎರಡು ಸ್ಟ್ರೋಕಿನ ಎಂಜಿನ್ನಿಗೆ ಪೈಪಿನೊಳಗೆ ಓಡಾಡುವ ಒತ್ತಡದ ಅಲೆಗಳೂ ಕೆಲಸದ ಆಳುಗಳೇ. ಸರಿಯಾದ ಹೊತ್ತಿಗೆ ಹಿಂತಿರುಗಿದ ಅಲೆ ಹೊರಗೆ ಜಾರಿದ ಹೊಸ ಮಿಶ್ರಣವನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಜೆಡ್ ಕಾರ್ಖಾನೆಯ ವಾಲ್ಟರ್ ಕಾಡೆನ್ ಇದನ್ನೇ ಪಳಗಿಸಿ ಪುಟ್ಟ ಎಂಜಿನ್ನುಗಳಿಂದ ಅಪಾರ ಶಕ್ತಿ ತೆಗೆದರು. ಅವರ ಸವಾರ ಅರ್ನ್‌ಸ್ಟ್ ಡೆಗ್ನರ್ 1961ರಲ್ಲಿ ದೇಶ ಬಿಟ್ಟು ಸುಜುಕಿ ಸೇರಿದರು, ವಿದ್ಯೆಯೂ ಜೊತೆಗೆ ಹೋಯಿತು, ಮರುವರ್ಷವೇ ಡೆಗ್ನರ್ ಸುಜುಕಿಯ ಮೇಲೆ 50 ಸಿಸಿ ವಿಭಾಗದ ವಿಶ್ವ ಚಾಂಪಿಯನ್ ಆದರು. ಯೆಜ್ಡಿಯ ಸೈಲೆನ್ಸರು ರೇಸಿನದಲ್ಲ, ಆದರೆ ಭೌತವಿಜ್ಞಾನ ಅದೇ. ಸಿಲಿಂಡರಿನ ಬಾಯಲ್ಲೇ ಸಂದಿಯಿದ್ದರೆ ಅಲೆ ಅಲ್ಲೇ ಬಲ ಕಳೆದುಕೊಳ್ಳುತ್ತದೆ. ಬುಲೆಟ್, ಸಿಡಿ 100ನಂಥ ನಾಲ್ಕು ಸ್ಟ್ರೋಕಿನ ಗಾಡಿಗಳಲ್ಲಿ ಲಕ್ಷಣ ಬೇರೆ: ಇಳಿಜಾರಿನಲ್ಲಿ ಥ್ರಾಟಲ್ ಬಿಟ್ಟಾಗ ಸಂದಿಯಿಂದ ಒಳಬಂದ ಗಾಳಿ ಸೈಲೆನ್ಸರಿನಲ್ಲಿ ಉರಿಯದ ಪೆಟ್ರೋಲಿಗೆ ಸೇರಿ ಢಬ್ ಎನ್ನುತ್ತದೆ. ಸಂದಿ ಪತ್ತೆಗೆ ಎಂಜಿನ್ ಇನ್ನೂ ತಣ್ಣಗಿರುವಾಗ ಸೋಪಿನ ನೀರು ಹಚ್ಚಿ ಸ್ಟಾರ್ಟ್ ಮಾಡಿದರೆ ಸಾಕು.

ಬಿಚ್ಚುವ ಕೆಲಸದಲ್ಲಿ ಎರಡು ಜಾತಿ ಇವೆ, ಅವುಗಳನ್ನು ಬೇರೆ ಮಾಡಿ ನೋಡದೆ ಕೈ ಹಾಕಬಾರದು.

ಒಂದು, ಜಾವಾ-ಯೆಜ್ಡಿಯ ಉಂಗುರ ನಟ್ಟು. ಸಿಲಿಂಡರ್ ಎರಕದ ಕಬ್ಬಿಣ, ಬೆಂಡ್ ಪೈಪನ್ನು ಅದರ ಬಾಯಿಗೆ ಒತ್ತಿ ಹಿಡಿಯುವುದು ಸುತ್ತ ಕಚ್ಚುಗಳಿರುವ ದೊಡ್ಡ ನಟ್ಟು. ಕಬ್ಬಿಣ ತುಕ್ಕಾದಾಗ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಥ್ರೆಡ್ಡಿನ ಸಂದಿಯಲ್ಲಿ ಆ ಜಾಗವಿಲ್ಲ. ಜೊತೆಗೆ ಸುಟ್ಟ ಆಯಿಲಿನ ಇದ್ದಿಲು ಗಾರೆಯಂತೆ ಕೂತಿರುತ್ತದೆ. ಕಬ್ಬಿಣವೂ ಉಕ್ಕೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದರಿಂದ ಎರಡನ್ನೂ ಸಮನಾಗಿ ಕಾಯಿಸಿದರೆ ಏನೂ ಪ್ರಯೋಜನವಿಲ್ಲ. ಇಲ್ಲಿ ಬೇಕಾದದ್ದು ಉಷ್ಣತೆಯ ವ್ಯತ್ಯಾಸ. ಹೊರಗಿನ ಉಂಗುರವನ್ನಷ್ಟೇ, ಬೇಗ, ಸುತ್ತಲೂ ಕಾಯಿಸಬೇಕು. 50 ಮಿಲಿಮೀಟರ್ ವ್ಯಾಸದ ಉಕ್ಕಿನ ಉಂಗುರ ಒಳಭಾಗಕ್ಕಿಂತ 100 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ 0.06 ಮಿಲಿಮೀಟರ್ ಹಿಗ್ಗುತ್ತದೆ. ಕೂದಲೆಳೆಯಷ್ಟು, ತುಕ್ಕಿನ ಹಿಡಿತ ಮುರಿಯಲು ಸಾಕಾಗುವಷ್ಟು. ನಿಧಾನವಾಗಿ ಕಾಯಿಸುತ್ತಾ ಕೂತರೆ ಬಿಸಿ ಸಿಲಿಂಡರಿಗೂ ಹರಿದು ವ್ಯತ್ಯಾಸವೇ ಅಳಿಸಿಹೋಗುತ್ತದೆ.

ಈ ನಟ್ಟನ್ನು ತಿರುಗಿಸಲು ಹುಕ್ ಸ್ಪ್ಯಾನರ್ ಇದೆ. ಆದರೆ ಹಳೆಯ ಯೆಜ್ಡಿಗಳ ನಟ್ಟುಗಳನ್ನು ನೋಡಿದರೆ ಅರ್ಧಕ್ಕರ್ಧ ಕಚ್ಚುಗಳು ಮುರಿದಿರುತ್ತವೆ. ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದ ಗುರುತುಗಳು. ಉಳಿಯ ಏಟು ಒಂದೇ ಬದಿಗೆ ಬೀಳುತ್ತದೆ, ಉಂಗುರವನ್ನು ತಿರುಗಿಸುವುದಕ್ಕಿಂತ ಹೆಚ್ಚಾಗಿ ಅದನ್ನು ಮೊಟ್ಟೆಯಾಕಾರಕ್ಕೆ ತರುತ್ತದೆ. ಥ್ರೆಡ್ಡು ಇನ್ನಷ್ಟು ಕಚ್ಚಿಕೊಳ್ಳುತ್ತದೆ. ನಟ್ಟು ಹೋದರೆ ಹೊಸದು ಸಿಗುತ್ತದೆ. ಸಿಲಿಂಡರಿನ ಥ್ರೆಡ್ಡು ಹೋದರೆ ಅದನ್ನು ತುಂಬಿ ಮತ್ತೆ ಕಡೆಯಬಲ್ಲ ಲೇತ್ ಕೆಲಸಗಾರರನ್ನು ಹುಡುಕಿಕೊಂಡು ಅಲೆಯಬೇಕು. ಉಳಿ ಹಿಡಿಯುವ ಅಭ್ಯಾಸ ಬಿಡಬೇಕಾದ್ದು ಇದಕ್ಕೆ.

ಇನ್ನೊಂದು ಜಾತಿ, ಅಲ್ಯೂಮಿನಿಯಂ ಹೆಡ್ಡಿಗೆ ಹೊಕ್ಕ ಉಕ್ಕಿನ ಸ್ಟಡ್ಡುಗಳು. ಇಲ್ಲಿ ತುಕ್ಕಿನ ಜೊತೆಗೆ ವಿದ್ಯುತ್ತೂ ಕೈಜೋಡಿಸುತ್ತದೆ. ಎರಡು ಬೇರೆ ಲೋಹ, ನಡುವೆ ಉಪ್ಪು ನೀರು, ಅಷ್ಟಿದ್ದರೆ ಒಂದು ಸಣ್ಣ ಬ್ಯಾಟರಿ ಆಯಿತು, ಸವೆಯುವುದು ಅಲ್ಯೂಮಿನಿಯಂ. ಮಂಗಳೂರು, ಉಡುಪಿ, ಕಾರವಾರದ ಗಾಡಿಗಳ ಸ್ಟಡ್ಡಿನ ಬುಡದಲ್ಲಿ ಕಾಣುವ ಬಿಳಿ ಪುಡಿ ಅದೇ. ಆದರೆ ಬಿಸಿ ಇಲ್ಲಿ ನೆರವಿಗೆ ಬರುತ್ತದೆ. ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 8 ಮಿಲಿಮೀಟರ್ ಸ್ಟಡ್ಡಿನ ಸುತ್ತಲಿನ ಹೆಡ್ಡನ್ನು 200 ಡಿಗ್ರಿ ಏರಿಸಿದರೆ ತೂತು 0.037 ಮಿಲಿಮೀಟರ್ ದೊಡ್ಡದಾಗುತ್ತದೆ, ಸ್ಟಡ್ಡು 0.019 ಮಾತ್ರ. ಆದ್ದರಿಂದ ಇಲ್ಲಿ ಸಮನಾಗಿ, ನಿಧಾನವಾಗಿ ಕಾಯಿಸಿದರೂ ಲಾಭವಿದೆ.

ಬಿಸಿಗಿಂತ ಮುಂಚೆ ಎಣ್ಣೆ. ಡಬ್ಲ್ಯೂಡಿ-40 ಎಂಬ ಡಬ್ಬಿಯನ್ನು ಎಲ್ಲರೂ ಎತ್ತಿಕೊಳ್ಳುತ್ತಾರೆ. ಅದನ್ನು 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ರೂಪಿಸಿದ್ದು ಲೋಹದ ಮೇಲಿಂದ ನೀರನ್ನು ಓಡಿಸಿ ತುಕ್ಕು ತಡೆಯಲೆಂದು, ಅಟ್ಲಾಸ್ ಕ್ಷಿಪಣಿಯ ಹೊರಮೈಗೆ. ಹಿಡಿದುಕೊಂಡ ನಟ್ಟಿಗೆ ಅದಕ್ಕಾಗಿಯೇ ಮಾಡಿದ ತೆಳು ಎಣ್ಣೆ ಮೇಲು. ಯಾವುದಾದರೂ ಸರಿ, ಅದು ಸಂದಿಯೊಳಗೆ ಸಾಗುವುದು ಕೂದಲಿನಷ್ಟು ಕಿರಿದಾದ ದಾರಿಯಲ್ಲಿ ದ್ರವ ತಾನಾಗಿ ಏರುವ ಗುಣದಿಂದ. ಅದಕ್ಕೆ ಒಂದು ರಾತ್ರಿ ಬೇಕು, ಕೆಲವೊಮ್ಮೆ ಎರಡು. ಎಣ್ಣೆ ಹಾಕಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಮಲಗಿ ಎದ್ದು ಮತ್ತೆ ಹಾಕಬೇಕು. ಎಣ್ಣೆ ಬಳಿದ ನಟ್ಟಿಗೆ ಜ್ವಾಲೆ ಹಿಡಿಯುವ ಮುನ್ನ ಅದನ್ನು ಒರೆಸಿ ತೆಗೆಯುವುದನ್ನು ಮರೆಯಬಾರದು. ತಿರುಗಿಸುವಾಗ ಮೊದಲ ಕದಲಿಕೆಯನ್ನು ಬಿಗಿಯುವ ದಿಕ್ಕಿಗೆ ಕೊಟ್ಟು, ಆಮೇಲೆ ಬಿಚ್ಚುವ ಕಡೆಗೆ ಕಾಲು ಸುತ್ತು, ಮತ್ತೆ ಹಿಂದಕ್ಕೆ. ತುಕ್ಕಿನ ಪುಡಿ ಥ್ರೆಡ್ಡಿನಲ್ಲಿ ಗಂಟುಕಟ್ಟದಂತೆ ಹೀಗೆ ಹಿಂದೆ ಮುಂದೆ.

ಇಷ್ಟಾದರೂ ಸ್ಟಡ್ಡು ಮುರಿಯಬಹುದು. ಹೊರಗೆ ತುಸು ಉಳಿದಿದ್ದರೆ ಅದರ ಮೇಲೆ ಹೊಸ ನಟ್ಟಿಟ್ಟು ವೆಲ್ಡ್ ಮಾಡುವುದು ಅತ್ಯುತ್ತಮ. ಹಿಡಿಯಲು ತಲೆಯೂ ಸಿಗುತ್ತದೆ, ಸ್ಟಡ್ಡಿನ ಒಳತುದಿಯವರೆಗೆ ಬಿಸಿಯೂ ಮುಟ್ಟುತ್ತದೆ. ಮಟ್ಟಸವಾಗಿ ಮುರಿದಿದ್ದರೆ ನಡುಮಧ್ಯಕ್ಕೆ ಪಂಚ್ ಹೊಡೆದು ಡ್ರಿಲ್ ಮಾಡಬೇಕು. ಅಂಗಡಿಗಳಲ್ಲಿ ಸಿಗುವ ‘ಈಸಿ ಔಟ್’ ಹೆಸರಿನಷ್ಟು ಸುಲಭವಲ್ಲ: ಗಡಸು ಉಕ್ಕಿನ ಅದು ಒಳಗೇ ಮುರಿದರೆ ಸಾಮಾನ್ಯ ಡ್ರಿಲ್ಲು ಅದನ್ನು ಮುಟ್ಟುವುದೂ ಇಲ್ಲ.

ಆಗ ಉಳಿಯುವ ದಾರಿ ಕಿಡಿಯಿಂದ ಕೊರೆಯುವುದು. ಪೀಣ್ಯದಂಥ ಕೈಗಾರಿಕಾ ಪ್ರದೇಶದ ಅಚ್ಚು ತಯಾರಕರ ಬಳಿ ಇರುವ ಸ್ಪಾರ್ಕ್ ಇರೋಶನ್ ಯಂತ್ರ ಮುರಿದ ಉಕ್ಕನ್ನು ಕಿಡಿಕಿಡಿಯಾಗಿ ಕರಗಿಸಿ ತೆಗೆಯುತ್ತದೆ, ಥ್ರೆಡ್ಡಿಗೆ ಏಟಾಗುವುದಿಲ್ಲ. ಈ ವಿದ್ಯೆ ಹುಟ್ಟಿದ್ದು 1943ರಲ್ಲಿ, ಸೋವಿಯತ್ ವಿಜ್ಞಾನಿ ದಂಪತಿ ಬೋರಿಸ್ ಮತ್ತು ನತಾಲ್ಯಾ ಲಾಜರೆಂಕೊ ಅವರ ಪ್ರಯೋಗಶಾಲೆಯಲ್ಲಿ. ಕಿಡಿಯಿಂದ ಟಂಗ್‌ಸ್ಟನ್ ವಿದ್ಯುತ್ ಸಂಪರ್ಕಗಳು ಸವೆಯುವುದನ್ನು ತಡೆಯಲು ಹೊರಟವರು, ಆ ಸವೆತವನ್ನೇ ಕೊರೆಯುವ ಕೆಲಸಕ್ಕೆ ಹಚ್ಚಿದರು. ಯೆಜ್ಡಿಯ ಕಾಂಟ್ಯಾಕ್ಟ್ ಪಾಯಿಂಟನ್ನು ತಿನ್ನುವುದೂ ಅದೇ ಬಗೆಯ ಕಿಡಿ.

ಗಡಿಯಾರ ರಿಪೇರಿಯವರು ಇನ್ನೂ ಅಗ್ಗದ ಉಪಾಯ ಬಲ್ಲರು. ಹಿತ್ತಾಳೆಯಲ್ಲಿ ಮುರಿದುಕೊಂಡ ಉಕ್ಕಿನ ಸ್ಕ್ರೂವನ್ನು ಅವರು ಪಟಿಕದ ಬಿಸಿ ದ್ರಾವಣದಲ್ಲಿ ನೆನೆಸಿಡುತ್ತಾರೆ. ಪಟಿಕ ಉಕ್ಕನ್ನು ತಿನ್ನುತ್ತದೆ, ಹಿತ್ತಾಳೆಯನ್ನು ಬಿಡುತ್ತದೆ. ಅಲ್ಯೂಮಿನಿಯಂ ಭಾಗಕ್ಕೂ ಇದು ಸಲ್ಲುತ್ತದೆ, ದಿನಗಟ್ಟಲೆ ಹಿಡಿಯುತ್ತದೆ ಅಷ್ಟೆ. ವಾಲ್ವ್ ಸೀಟಿನಂಥ ಬೇರೆ ಉಕ್ಕು, ಕಬ್ಬಿಣ ಇರುವ ಹೆಡ್ಡನ್ನು ಮಾತ್ರ ಇಡಿಯಾಗಿ ಅದರಲ್ಲಿ ಮುಳುಗಿಸಬಾರದು, ಅವನ್ನೂ ಅದು ಬಿಡುವುದಿಲ್ಲ.

ಥ್ರೆಡ್ಡೇ ಹೋಗಿದ್ದರೆ ಹೆಲಿಕಾಯಿಲ್ ಹಾಕಿಸಬಹುದು. ಸ್ಟೇನ್‌ಲೆಸ್ ತಂತಿಯ ಈ ಸುರುಳಿ ಅಲ್ಯೂಮಿನಿಯಂಗಿಂತ ಗಟ್ಟಿ. ಎಷ್ಟೋ ಸಲ ಕಂಪನಿಯಿಂದ ಬಂದ ಥ್ರೆಡ್ಡಿಗಿಂತ ರಿಪೇರಿಯೇ ಹೆಚ್ಚು ಬಾಳುತ್ತದೆ.

ಮರುಜೋಡಣೆಯಲ್ಲಿ ಹೊಸ ಗ್ಯಾಸ್ಕೆಟ್ ಕಡ್ಡಾಯ. ಹಳೆಯದರಲ್ಲಿ ಕಲ್ನಾರು ಇರುವ ಸಂಭವವಿದೆ, ಒಣ ಮರಳುಕಾಗದದಲ್ಲಿ ಉಜ್ಜದೆ ಒದ್ದೆ ಮಾಡಿ ತೆಗೆಯಬೇಕು. ತಾಮ್ರದ ಉಂಗುರವಾದರೆ ಅದನ್ನು ಮಂದ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಒತ್ತಡಕ್ಕೆ ಸಿಕ್ಕಿ ಗಡುಸಾದ ತಾಮ್ರದ ಹರಳುಗಳು ಬಿಸಿಯಲ್ಲಿ ಹೊಸದಾಗಿ ಜೋಡಿಕೊಳ್ಳುತ್ತವೆ. ಸ್ಟಡ್ಡುಗಳಿಗೆ ಹಿತ್ತಾಳೆಯ ನಟ್ಟು ಹಾಕಿದರೆ ಮುಂದಿನ ಸಲ ಬಿಚ್ಚುವವರು ಹರಸುತ್ತಾರೆ. ಥ್ರೆಡ್ಡಿಗೆ ತಾಮ್ರದ ಗ್ರೀಸು ಬಳಿಯಬೇಕು, ಬಳಿದರೆ ಬಿಗಿಯುವ ಬಲವನ್ನು ಕಾಲು ಭಾಗದಷ್ಟು ಇಳಿಸಬೇಕು. ನಟ್ಟು ಬಿಗಿಯುವಾಗ ಕೈ ಹಾಕಿದ ಬಲದಲ್ಲಿ ಶೇಕಡ 90ರಷ್ಟು ಘರ್ಷಣೆಗೇ ಹೋಗುತ್ತದೆ, ಹಿಡಿತವಾಗುವುದು ಶೇಕಡ 10. ಗ್ರೀಸಿನಿಂದ ಘರ್ಷಣೆ ಇಳಿದರೆ ಅದೇ ಬಲಕ್ಕೆ ಸ್ಟಡ್ಡಿನ ಮೇಲಿನ ಎಳೆತ ಎಷ್ಟೋ ಹೆಚ್ಚುತ್ತದೆ. ಮುಂದಿನ ನಟ್ಟು, ಹಿಂದಿನ ಬ್ರಾಕೆಟ್ಟು ಎರಡನ್ನೂ ಸಡಿಲವಾಗಿ ಕೂರಿಸಿ, ಪೈಪು ತನ್ನ ಜಾಗ ಕಂಡುಕೊಂಡ ಮೇಲೆ ಮೊದಲು ಮುಂದಿನದನ್ನು, ಆಮೇಲೆ ಹಿಂದಿನದನ್ನು ಬಿಗಿಯುವುದು ಕ್ರಮ. ಮೊದಲ ಸವಾರಿಯ ಬಳಿಕ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಇನ್ನೊಮ್ಮೆ.

ಹಳೆಯ ಗಾಡಿಗಳ ಮಾಲೀಕರಲ್ಲಿ ಒಂದು ಕೇಳಿಕೆಯಿದೆ. ಬೆಳಗ್ಗೆ ಬಿಟ್ಟು ಸಂಜೆಗೆ ಬೇಕೆಂದು ಮೆಕ್ಯಾನಿಕ್‌ಗೆ ಒತ್ತಾಯ ಮಾಡಬೇಡಿ. ಸ್ಟಡ್ಡುಗಳು ಮುರಿಯುವುದು, ಉಳಿ ಹೊರಬರುವುದು, ಟ್ಯಾಂಕು ಇಳಿಸದೆ ಬೆಂಕಿ ಹಚ್ಚುವುದು ಹೆಚ್ಚಾಗಿ ಆ ಅವಸರದಲ್ಲೇ. ಗಾಡಿಯನ್ನು ತೊಳೆಯದೆ, ಟ್ಯಾಂಕು ಖಾಲಿ ಮಾಡಿ, ಮೂರು ದಿನ ಅವರ ಬಳಿ ಬಿಡಿ. ಸಾಧ್ಯವಾದರೆ ಜೊತೆಗೆ ಒಂದು ಹುಕ್ ಸ್ಪ್ಯಾನರ್ ಕೊಟ್ಟುಬನ್ನಿ.